ಹದವನ್ನು ಕಂಡ ವಿಲ್ಹೆಲ್ಮ್ ಮೈಬಾಖ್

ಅಡಿಗೆಗೆ ಉಪ್ಪು ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಎಲ್ಲಕ್ಕೂ ಒಂದು ಹದವುಂಟು. ಪೆಟ್ರೋಲಿನಿಂದ ನಡೆಯುವ ಎಂಜಿನಿಗೂ ಇದೇ ನಿಯಮ. ಒಂದು ತೂಕದ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಅದರೊಡನೆ ಸುಮಾರು 15 ತೂಕದ ಗಾಳಿ ಬೆರೆಯಬೇಕು. ಈ ಬೆರಕೆಯನ್ನು ಸಿದ್ಧಗೊಳಿಸುವ ಉಪಕರಣವೇ ಕಾರ್ಬುರೇಟರು. ಅದಕ್ಕೆ ಸರಿಯಾದ ರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯನಾದ ವಿಲ್ಹೆಲ್ಮ್ ಮೈಬಾಖನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಮೈಬಾಖನು 1846ರ ಫೆಬ್ರವರಿ 9ರಂದು ಜರ್ಮನಿಯ ಹೈಲ್‌ಬ್ರಾನ್ ಪಟ್ಟಣದಲ್ಲಿ ಒಬ್ಬ ಬಡಗಿಯ ಮಗನಾಗಿ ಜನಿಸಿದನು. 10 ವರ್ಷದ ಬಾಲಕನಾಗಿದ್ದಾಗಲೇ ತಾಯಿತಂದೆಗಳಿಲ್ಲದ ಅನಾಥನಾದನು. ರಾಯ್ಟ್‌ಲಿಂಗೆನ್ ಊರಿನಲ್ಲಿ ಗುಸ್ತಾವ್ ವೆರ್ನರ್ ಎಂಬ ದಯಾಳುವು ನಡೆಸುತ್ತಿದ್ದ ಅನಾಥಾಲಯವು ಅವನಿಗೆ ಆಶ್ರಯವಿತ್ತಿತು. ಅಲ್ಲಿನ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತನು. 19ರ ಹರೆಯದಲ್ಲಿದ್ದಾಗ ಆ ಕಾರ್ಖಾನೆಯ ಮೇಲ್ವಿಚಾರಕನಾಗಿದ್ದ ಗಾಟ್ಲೀಬ್ ಡೈಮ್ಲರನ ದೃಷ್ಟಿ ಅವನ ಮೇಲೆ ಬಿದ್ದಿತು. ಅಂದು ಬೆಳೆದ ಸ್ನೇಹವು ಡೈಮ್ಲರನು 1900ರಲ್ಲಿ ಮರಣ ಹೊಂದುವವರೆಗೂ ಅಳಿಯಲಿಲ್ಲ.

1882ರ ಬಳಿಕ ಕಾನ್‌ಸ್ಟಾಟ್ ಎಂಬಲ್ಲಿ ಡೈಮ್ಲರನ ತೋಟದ ಮನೆಯೇ ಇವರ ಪ್ರಯೋಗಶಾಲೆಯಾಯಿತು. 1885ರಲ್ಲಿ ಇವರ ಪುಟ್ಟ ಎಂಜಿನು ಮರದ ದ್ವಿಚಕ್ರವೊಂದನ್ನು ಓಡಿಸಿತು. ಆದರೆ ಅದರ ಕಾರ್ಬುರೇಟರಿನಲ್ಲಿ ಪೆಟ್ರೋಲು ತಾನಾಗಿ ಆವಿಯಾಗಿ ಗಾಳಿಗೆ ಸೇರಬೇಕಾಗಿದ್ದುದರಿಂದ ಬೆರಕೆಯ ಹದವು ಒಂದೇ ಸಮನಾಗಿ ನಿಲ್ಲುತ್ತಿರಲಿಲ್ಲ. ಮೈಬಾಖನು ಇದಕ್ಕೆ 1893ರಲ್ಲಿ ಹೊಸ ಉಪಾಯವನ್ನು ಹೂಡಿದನು. ಚಿಕ್ಕ ತೊಟ್ಟಿಯಲ್ಲಿ ತೇಲುಬೆಂಡೊಂದು ಪೆಟ್ರೋಲಿನ ಮಟ್ಟವನ್ನು ಕಾಯುವುದು. ಎಂಜಿನು ಗಾಳಿಯನ್ನು ಸೆಳೆದಾಗ ಸಣ್ಣ ಮೂತಿಯಿಂದ ಪೆಟ್ರೋಲು ತುಂತುರಾಗಿ ಚಿಮ್ಮಿ ಗಾಳಿಯಲ್ಲಿ ಬೆರೆಯುವುದು. ಅದೇ ವರ್ಷ ಹಂಗೇರಿಯಲ್ಲಿ ಬಾಂಕಿ ಮತ್ತು ಚೊಂಕಾ ಎಂಬವರೂ ಇಂತಹುದೇ ಉಪಕರಣವನ್ನು ರಚಿಸಿದರೆಂಬುದನ್ನು ಇಲ್ಲಿ ಮರೆಯಲಾಗದು.

ಗಾಡಿ ನಿಂತಿದ್ದು ಎಂಜಿನು ಮಾತ್ರ ಮೆಲ್ಲಗೆ ತಿರುಗುತ್ತಿರುವಾಗ ಗಾಳಿಯ ಸೆಳೆತ ಕಡಿಮೆ. ಆಗ ತುಂತುರು ಸರಿಯಾಗಿ ಏಳದು. ಆದ್ದರಿಂದ ಮೈಬಾಖನ ಅನಂತರದವರು ಆ ಹೊತ್ತಿಗೆಂದು ಬೇರೊಂದು ಕಿರುದಾರಿಯನ್ನೂ ಅದನ್ನು ಹದಗೊಳಿಸಲು ಒಂದು ತಿರುಪನ್ನೂ ಇಟ್ಟರು. ಬಲ್ಲ ಮೇಸ್ತ್ರಿಯು ಎಂಜಿನು ಬಿಸಿಯಾದ ಮೇಲೆ, ಅದು ತಡವರಿಸುವವರೆಗೆ ತಿರುಪನ್ನು ಒಂದು ಕಡೆಗೆ ತಿರುಗಿಸಿ, ಅದರ ಸದ್ದು ನಯವಾಗುವವರೆಗೆ ಮೆಲ್ಲನೆ ಹಿಂದಕ್ಕೆ ತರುತ್ತಿದ್ದನು. ಅವನ ಕಿವಿಯೇ ಅವನ ತಕ್ಕಡಿ. ದೆಹಲಿಯ ಬೀದಿಗಳಲ್ಲಿ ಓಡಾಡಿದ ಅಂಬಾಸಿಡರ್ ಗಾಡಿಗಳಿಗೂ, 1983ರ ಡಿಸೆಂಬರಿನಲ್ಲಿ ನಮ್ಮ ನೆರೆಯ ಗುರುಗ್ರಾಮದ ಕಾರ್ಖಾನೆಯಿಂದ ಹೊರಬಂದ ಮಾರುತಿ 800ಕ್ಕೂ ಈ ಉಪಚಾರ ನಡೆಯುತ್ತಿತ್ತು.

ಇದು ಕೇವಲ ಯಂತ್ರದ ಮಾತಲ್ಲ, ನಮ್ಮ ಉಸಿರಿನ ಮಾತೂ ಹೌದು. ಪೆಟ್ರೋಲು ಹೆಚ್ಚಾಗಿ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹೆಚ್ಚುತ್ತದೆ. ಕೆಂಪು ದೀಪದ ಬಳಿ ನೂರಾರು ಗಾಡಿಗಳು ನಿಂತಲ್ಲೇ ಮಿಡಿಯುತ್ತಿದ್ದರೆ ಅದನ್ನು ಉಸಿರಾಡುವವರು ದಾರಿಹೋಕರು. ಗಾಡಿಗಳ ಹೊಗೆಯನ್ನು ಪರೀಕ್ಷಿಸುವವರು ಈ ಅನಿಲವನ್ನು ಅಳೆಯುವುದು ಅದಕ್ಕಾಗಿಯೇ. ಈಗಿನ ಹೊಸ ಕಾರುಗಳಲ್ಲಿ ಕಾರ್ಬುರೇಟರಿಲ್ಲ. ಗಣಕವೊಂದು ಕ್ಷಣಕ್ಷಣಕ್ಕೂ ಪೆಟ್ರೋಲನ್ನು ಅಳೆದು ಚಿಮ್ಮಿಸುತ್ತದೆ. ಉಪಕರಣವು ಬದಲಾಯಿತು, ಹದವು ಬದಲಾಗಲಿಲ್ಲ.

ಮೈಬಾಖನು ರಚಿಸಿದ ಶ್ರೇಷ್ಠವಾದ ಗಾಡಿಯು 1901ರಲ್ಲಿ ಲೋಕವನ್ನು ಬೆರಗುಗೊಳಿಸಿತು. ಅದನ್ನು ತಯಾರಿಸಿದ ಸಂಸ್ಥೆಗೆ ಡೈಮ್ಲರನ ಹೆಸರು. ಗಾಡಿಗೆ ಮರ್ಸಿಡಿಸ್ ಎಂಬ ಬಾಲಿಕೆಯ ಹೆಸರು. ಅದನ್ನು ರೂಪಿಸಿದವನ ಹೆಸರು ಎರಡರಲ್ಲಿಯೂ ಇರಲಿಲ್ಲ. 1907ರಲ್ಲಿ ಆತನು ಆ ಸಂಸ್ಥೆಯನ್ನು ಬಿಟ್ಟನು. ಆದರೂ ಎದೆಗುಂದದೆ ಮಗ ಕಾರ್ಲನೊಡನೆ ಸೇರಿ ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನು ನಿರ್ಮಿಸುವ ಉದ್ಯಮಕ್ಕೆ ತೊಡಗಿದನು. 1929ರ ಡಿಸೆಂಬರ್ 29ರಂದು ತೀರಿಕೊಂಡ ಆತನನ್ನು ಗೆಳೆಯ ಡೈಮ್ಲರನು ಮಲಗಿರುವ ಕಾನ್‌ಸ್ಟಾಟಿನ ಸ್ಮಶಾನದಲ್ಲಿಯೇ ಸಮಾಧಿ ಮಾಡಿದರು.

ಹೆಸರಿನ ಹಂಬಲವಿಲ್ಲದೆ ಕೆಲಸದ ಹದವನ್ನೇ ಹುಡುಕಿದ ಈ ಅನಾಥ ಬಾಲಕನನ್ನು ನಾವು ನೆನೆಯೋಣ. ದೊಡ್ಡವರು ಗಾಡಿ ನಡೆಸುವಾಗ, ಕೆಂಪು ದೀಪದೆದುರು ಎಂಜಿನನ್ನು ನಿಲ್ಲಿಸಿರೆಂದು ವಿನಯದಿಂದ ಹೇಳೋಣ. ನಮ್ಮ ನಗರದ ಗಾಳಿಗೆ ಮಕ್ಕಳೂ ಮಾಡಬಹುದಾದ ಸೇವೆಯಿದು.