ಸಗಣಿ ಅನಿಲದಿಂದ ಊರಿಗೆ ನೀರು ಹರಿಸಿದ ಅಮೂಲ್ಯ ರೆಡ್ಡಿ

ಮದ್ದೂರು ತಾಲ್ಲೂಕಿನ ವೈದ್ಯನಾಥಪುರದಲ್ಲಿ ವೈದ್ಯನಾಥೇಶ್ವರನ ಸನ್ನಿಧಿಯ ಬಳಿ ಹರಿಯುವ ಶಿಂಷಾ, ತುಮಕೂರು ಸೀಮೆಯ ದೇವರಾಯನದುರ್ಗದಲ್ಲಿ ಹುಟ್ಟಿ ಕುಣಿಗಲ್ ತಾಲ್ಲೂಕನ್ನು ಹಾದು ಬರುವ ನದಿ. ಅದೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ಕೆಲಸದಿಂದ ಊರಿಗೆ ಬೆಳಕು, ನೀರು ಒದಗಿಸಿದ ವಿಜ್ಞಾನಿ ಡಾ. ಅಮೂಲ್ಯ ಕುಮಾರ್ ಎನ್. ರೆಡ್ಡಿ.

1930ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಜನಿಸಿದ ರೆಡ್ಡಿ, ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟ್ ಪಡೆದರು. ಬಳಿಕ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಬಾಕ್ರಿಸ್ ಅವರೊಡನೆ ದುಡಿದರು. ಜಲಜನಕವೇ ನಾಳೆಯ ಇಂಧನವೆಂದು ಪ್ರತಿಪಾದಿಸಿದವರಲ್ಲಿ ಬಾಕ್ರಿಸ್ ಪ್ರಮುಖರು. 1970ರಲ್ಲಿ ಇಬ್ಬರೂ ಸೇರಿ ಹೊರತಂದ ವಿದ್ಯುದ್ರಸಾಯನಶಾಸ್ತ್ರದ ಎರಡು ಸಂಪುಟಗಳು ಜಗತ್ತಿನಾದ್ಯಂತ ಪಠ್ಯವಾದವು.

1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ರೆಡ್ಡಿಯವರಿಗೆ ಪ್ರಯೋಗಾಲಯದ ಕೀರ್ತಿಯಷ್ಟೇ ಸಾಲದಾಯಿತು. ವಿಜ್ಞಾನದ ಫಲ ಹಳ್ಳಿಯ ಬಡವರಿಗೆ ಏಕೆ ತಲುಪುತ್ತಿಲ್ಲವೆಂಬ ಪ್ರಶ್ನೆ ಅವರನ್ನು ಕಾಡಿತು. ಅದರ ಫಲವಾಗಿ 1974ರಲ್ಲಿ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ತಲೆಯೆತ್ತಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಆರಂಭವಾಯಿತು. ಸುತ್ತಲ ಹಳ್ಳಿಗಳಲ್ಲಿ ತಂಡ ನಡೆಸಿದ ಸಮೀಕ್ಷೆ, ಗ್ರಾಮದ ಇಂಧನದ ಬಹುಪಾಲು ಒಲೆಗೆ ಸಲ್ಲುವ ಸೌದೆಯೇ ಎಂಬುದನ್ನೂ, ಸೌದೆ ಮತ್ತು ನೀರು ಹೊರುವುದರಲ್ಲಿ ಹೆಂಗಸರ, ಮಕ್ಕಳ ದಿನ ಸವೆಯುವುದನ್ನೂ ತೋರಿಸಿತು.

ಪುರದಲ್ಲಿ ಮೊದಲು ಕೈಗೊಂಡದ್ದು ಅಡುಗೆಗಾಗಿ ಸಾಮೂಹಿಕ ಗೋಬರ್ ಅನಿಲ ಯೋಜನೆ. ಅದು ಕೈಗೂಡಲಿಲ್ಲ. ಊರಿನ ದನಗಳ ಸಗಣಿಯಿಂದ ಎಲ್ಲ ಮನೆಗಳ ಒಲೆಗೆ ಸಾಕಾಗುವಷ್ಟು ಅನಿಲ ದೊರೆಯುತ್ತಿರಲಿಲ್ಲ. ಯೋಜನೆಯನ್ನು ಕೈಬಿಡುವ ಬದಲು ರೆಡ್ಡಿ ಮತ್ತು ಸಂಗಡಿಗರು ಊರಿನವರ ಮಾತಿಗೆ ಕಿವಿಗೊಟ್ಟರು. ಜನರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು.

1987ರಲ್ಲಿ ಯೋಜನೆ ಹೊಸ ರೂಪ ತಾಳಿತು. ಅನಿಲವನ್ನು ಡೀಸೆಲ್ ಎಂಜಿನ್‌ಗೆ ಊಡಿಸಿ ವಿದ್ಯುತ್ ಉತ್ಪಾದಿಸಲಾಯಿತು. ಅದರಿಂದ ಕೊಳವೆ ಬಾವಿಯ ಪಂಪು ನಡೆದು ಬೀದಿಯ ನಲ್ಲಿಗಳಲ್ಲಿ ನೀರು ಬಂತು, ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದು ಹಾಕಿದವರಿಗೆ ಅನಿಲ ತೆಗೆದ ಬಳಿಕ ಉಳಿದ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಸ್ಥಾವರವನ್ನು ನಡೆಸಿದವರೂ ಊರಿನ ಯುವಕರೇ.

ತೊಟ್ಟಿಯೊಳಗಿನ ರಸಾಯನ ಕುತೂಹಲಕರವಾದುದು. ಗಾಳಿಯಾಡದ ಕತ್ತಲಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಸಗಣಿಯನ್ನು ಸಾವಯವ ಆಮ್ಲಗಳಾಗಿ ಒಡೆಯುತ್ತವೆ. ಆಗ ಸ್ವಲ್ಪ ಜಲಜನಕವೂ ಹುಟ್ಟುತ್ತದೆ. ಮತ್ತೊಂದು ಬಗೆಯ ಸೂಕ್ಷ್ಮಜೀವಿಗಳು ಇವನ್ನೇ ಬಳಸಿ ಮೀಥೇನ್ ತಯಾರಿಸುತ್ತವೆ. ಅಂತಹ ಆಮ್ಲಗಳನ್ನು ಬೆಳಕಿನಲ್ಲಿ ನೇರಳೆ ಬ್ಯಾಕ್ಟೀರಿಯಾಗಳಿಗೆ ಉಣಿಸಿದರೆ ಅವು ಜಲಜನಕವನ್ನೇ ಬಿಡುಗಡೆ ಮಾಡಬಲ್ಲವು. ಹೋವರ್ಡ್ ಗೆಸ್ಟ್ ಮತ್ತು ಮಾರ್ಟಿನ್ ಕಾಮೆನ್ 1949ರಲ್ಲೇ ಇದನ್ನು ಕಂಡುಹಿಡಿದಿದ್ದರು. ಆದರೆ ಈ ವಿಧಾನದಲ್ಲಿ ಬೆಳಕಿನ ಅಲ್ಪಾಂಶ ಮಾತ್ರ ಇಂಧನವಾಗುತ್ತದೆ. ಹೀಗಾಗಿ ಅದು ಇಂದಿಗೂ ಬಹುಮಟ್ಟಿಗೆ ಪ್ರಯೋಗಾಲಯದ ವಸ್ತು. ಜಲಜನಕದ ಪ್ರತಿಪಾದಕರೊಡನೆ ದುಡಿದಿದ್ದ ರೆಡ್ಡಿ ಹಳ್ಳಿಗೆ ಒಯ್ದದ್ದು, ಅಂದೇ ಕೈಗೆಟಕುತ್ತಿದ್ದ ಮೀಥೇನನ್ನು.

ಇಂಧನವೆಷ್ಟು ಉತ್ಪಾದನೆಯಾಯಿತು ಎಂಬುದಕ್ಕಿಂತ ಅದು ಜನರಿಗೆ ಯಾವ ಸೇವೆ ಒದಗಿಸಿತು ಎಂಬುದೇ ಮುಖ್ಯವೆಂಬುದು ಅವರ ನಿಲುವು. 1988ರಲ್ಲಿ ಬ್ರೆಜಿಲ್‌ನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್ ಹಾಗೂ ಅಮೆರಿಕದ ವಿಲಿಯಮ್ಸ್ ಅವರೊಡನೆ ಬರೆದ ಗ್ರಂಥದಲ್ಲಿ ಈ ಚಿಂತನೆಯನ್ನೇ ವಿಶ್ವದ ಮುಂದಿಟ್ಟರು. ಕರ್ನಾಟಕದ ವಿದ್ಯುತ್ ಬೇಡಿಕೆಯನ್ನು ಮಿತವ್ಯಯ ಮತ್ತು ದಕ್ಷ ಬಳಕೆಯಿಂದ ತಗ್ಗಿಸಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಕೈಗಾ ಅಣುಸ್ಥಾವರದ ವೆಚ್ಚವನ್ನು ಪ್ರಶ್ನಿಸಿದರು. 2000ನೇ ಸಾಲಿನ ವೋಲ್ವೊ ಪರಿಸರ ಪ್ರಶಸ್ತಿ ಈ ನಾಲ್ವರಿಗೂ ಸಂದಿತು.

ಪುರದ ಸ್ಥಾವರ ಕೊನೆಯವರೆಗೆ ಉಳಿಯಲಿಲ್ಲ. ಅದನ್ನು ಮರೆಮಾಚದೆ, ಆ ಅನುಭವ ಕಲಿಸಿದ ಪಾಠಗಳನ್ನು ರೆಡ್ಡಿ 2004ರಲ್ಲಿ ಲೇಖನವಾಗಿ ಪ್ರಕಟಿಸಿದರು. 2006ರ ಮೇ 7ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಜಲಜನಕದ ಮಾತು ಮತ್ತೆ ಜೋರಾಗಿರುವ ಈ ದಿನಗಳಲ್ಲಿ, ಆ ಇಂಧನ ಯಾರ ಮನೆಯ ದೀಪ ಹಚ್ಚಲಿದೆ ಎಂಬ ಅವರ ಕಾಳಜಿ ಹಳತಾಗಿಲ್ಲ.