ಮಸುಕಾಗುವ ಪಟ್ಟಿಗಳನ್ನೂ ಅಳೆದ ಮೈಕೆಲ್ಸನ್

ವ್ಯತಿಕರಣ ಪಾಠಕ್ಕೆ ಪೂರಕವಾಗಿ ನಾನು ಆರಿಸಿಕೊಂಡದ್ದು ಆಲ್ಬರ್ಟ್ ಮೈಕೆಲ್ಸನ್ ಅವರ ಜೀವನ. ಅವರ ಹೆಸರು ಬಂದಾಗ ‘ವಿಫಲ ಪ್ರಯೋಗ’ ಎಂಬ ಮಾತೂ ಬರುತ್ತದೆ. ತರಗತಿಯಲ್ಲಿ ಆ ಮಾತನ್ನು ಅಷ್ಟಕ್ಕೇ ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

1852ರಲ್ಲಿ ಅಂದಿನ ಪ್ರಷ್ಯಾದ ಸ್ಟ್ರೆಲ್ನೊದಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ಹೆತ್ತವರೊಂದಿಗೆ ಅಮೆರಿಕಕ್ಕೆ ಹೋದರು. 1873ರಲ್ಲಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಪದವಿ ಪಡೆದು, ಮುಂದೆ ಅಲ್ಲಿಯೇ ಬೋಧಕರಾದರು. ಬೆಳಕಿನ ವೇಗ ಅಳೆಯುವ ಫೂಕೋ ವಿಧಾನವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಮಾಡಿಕೊಂಡ ಸಿದ್ಧತೆಯೇ ಅವರ ಸಂಶೋಧನೆಗೆ ನಾಂದಿಯಾಯಿತು.

ಅವರ ಇಂಟರ್‌ಫೆರೋಮೀಟರ್‌ನಲ್ಲಿ ಅರೆಪಾರದರ್ಶಕ ಗಾಜು ಬೆಳಕನ್ನು ಎರಡಾಗಿ ಒಡೆಯುತ್ತದೆ. ಎರಡೂ ಕಿರಣಗಳು ಕನ್ನಡಿಗಳಿಗೆ ತಾಗಿ ಮರಳಿ ಸೇರಿದಾಗ ಬೆಳಕು-ಕತ್ತಲೆಯ ಪಟ್ಟಿಗಳು ಮೂಡುತ್ತವೆ. 1881ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲೂ, 1887ರಲ್ಲಿ ಮೋರ್ಲಿ ಅವರೊಂದಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲೂ ಇದರಿಂದ ಈಥರ್ ಅನ್ನು ಹುಡುಕಿದರು. ಪಟ್ಟಿಗಳು ನಿರೀಕ್ಷಿಸಿದಷ್ಟು ಸರಿಯಲಿಲ್ಲ.

ಆದರೂ ಅವರು ಉಪಕರಣವನ್ನು ಕೈಬಿಡಲಿಲ್ಲ. ಒಂದು ಕನ್ನಡಿಯನ್ನು ದೂರ ಸರಿಸುತ್ತಾ ಹೋದರೆ ಪಟ್ಟಿಗಳು ಮಸುಕಾಗುತ್ತವೆ. ಬಿಳಿ ಬೆಳಕಿನಲ್ಲಿ ಕೆಲವೇ ತರಂಗದೂರಗಳಷ್ಟು ವ್ಯತ್ಯಾಸಕ್ಕೆ ಅವು ಮಾಯವಾಗುತ್ತವೆ. ಕ್ಯಾಡ್ಮಿಯಮ್‌ನ ಕೆಂಪು ಬೆಳಕಿನಲ್ಲಿ ಹಲವು ಸೆಂಟಿಮೀಟರ್ ವ್ಯತ್ಯಾಸವಾದರೂ ಉಳಿಯುತ್ತವೆ. ಬೆಳಕು ತನ್ನದೇ ತರಂಗದೊಂದಿಗೆ ಎಷ್ಟು ದೂರದವರೆಗೆ ಹೆಜ್ಜೆ ಹೊಂದಿಸಬಲ್ಲದು ಎಂಬುದೇ ಸುಸಂಬದ್ಧತೆ. ಪಟ್ಟಿಗಳ ಸ್ಪಷ್ಟತೆ ಅದರ ಅಳತೆ. ಆ ಕೆಂಪು ಬೆಳಕನ್ನೇ ಬಳಸಿ 1892–93ರಲ್ಲಿ ಪ್ಯಾರಿಸ್ ಬಳಿ ಮೀಟರಿನ ಉದ್ದವನ್ನು ಅಳೆದರು: ಸುಮಾರು 15,53,164 ತರಂಗದೂರಗಳು. 1907ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1931ರಲ್ಲಿ ನಿಧನರಾದರು.

ಇಂದು ಲೇಸರ್‌ನ ಅತಿ ಕಿರು ಮಿಡಿತಗಳನ್ನು ಪರೀಕ್ಷಿಸುವುದೂ ಇದೇ ವಿನ್ಯಾಸದಿಂದ. 10 ಫೆಮ್ಟೋಸೆಕೆಂಡಿನಲ್ಲಿ ಬೆಳಕು ಸಾಗುವುದು ಕೇವಲ 3 ಮೈಕ್ರೋಮೀಟರ್. ಅಷ್ಟು ಅವಧಿಯ ಮಿಡಿತದ ಎರಡು ಪ್ರತಿಗಳ ದಾರಿ ಅದಕ್ಕಿಂತ ಬಹಳ ಹೆಚ್ಚು ಬೇರೆಯಾದರೆ ಅವು ಒಂದನ್ನೊಂದು ಸಂಧಿಸುವುದೇ ಇಲ್ಲ, ಪಟ್ಟಿಗಳೂ ಇಲ್ಲ. ಒಂದು ಮಿತಿಯೂ ಇದೆ. ಅಷ್ಟೇ ಬಣ್ಣಗಳಿರುವ ಸಾಮಾನ್ಯ ದೀಪವೂ ಅಂಥದೇ ಪಟ್ಟಿಗಳನ್ನು ಕೊಡುತ್ತದೆ. ಆದ್ದರಿಂದ ಮಿಡಿತದ ಅವಧಿ ತಿಳಿಯಲು ವಿಶೇಷ ಸ್ಫಟಿಕವನ್ನೂ ಬಳಸುತ್ತಾರೆ.

ಪಟ್ಟಿಗಳು ಮಾಯವಾದರೆ ಪ್ರಯೋಗ ಕೆಟ್ಟಿತೆಂದು ಮಕ್ಕಳು ಕೈಬಿಡುವುದು ಸಹಜ. ಎಷ್ಟು ಸರಿಸಿದಾಗ ಮಾಯವಾದವು ಎಂದು ಬರೆದುಕೊಳ್ಳಲು ಹೇಳಿದರೆ, ಅದೇ ಅವರ ಮೊದಲ ಅಳತೆಯಾಗುತ್ತದೆ.