ಶಾಲೆಗೂ ಮನೆಗೂ ಸೇತುವಾದ ಡೆಪ್ಯುಟಿ ಚನ್ನಬಸಪ್ಪನವರು

ಕನ್ನಡ ನಾಡಿನ ವಿದ್ಯಾಭ್ಯುದಯಕ್ಕಾಗಿ ಜೀವ ತೇಯ್ದ ಪ್ರಾತಃಸ್ಮರಣೀಯರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು. 1834ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಪುಣೆಗೆ ತೆರಳಿ ಆಂಗ್ಲ ವಿದ್ಯೆಯನ್ನು ಸಂಪಾದಿಸಿ, ಮರಳಿ ಬಂದು ಶಿಕ್ಷಕ ವೃತ್ತಿಯನ್ನು ಕೈಕೊಂಡರು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯೋಪಾಧ್ಯಾಯರಾಗಿ, ಮುಂದೆ ವಿದ್ಯಾ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಸೇವೆ ಸಲ್ಲಿಸಿದರು. ಆ ಪದವಿಯೇ ಅವರ ನಾಮಧೇಯದೊಡನೆ ಒಂದಾಯಿತು.

ಹಿಂದಿನ ಕಾಲದ ಐಗಳ ಮಠಗಳಲ್ಲಿ ಮಗುವಿನ ಪ್ರಗತಿಯು ಪಾಲಕರಿಗೆ ಮರೆಯಾಗಿರಲಿಲ್ಲ. ಮಗನು ಬಾಯಿಪಾಠ ಒಪ್ಪಿಸುವುದನ್ನು ತಂದೆಯು ಕಟ್ಟೆಯ ಮೇಲೆ ಕುಳಿತೇ ಕೇಳಬಹುದಾಗಿತ್ತು. ನಾಡಿನ ಅನೇಕ ಕಡೆ ಮಹಾನವಮಿಯಲ್ಲಿ ಗುರುಗಳು ಶಿಷ್ಯರೊಡನೆ ಮನೆಮನೆಗೆ ಹೋಗಿ ಚೌಪದನ ಹಾಡಿಸುತ್ತಿದ್ದರು. ಕಲಿತ ವಿದ್ಯೆ ಹೀಗೆ ಮನೆಯ ಬಾಗಿಲಿಗೇ ಬರುತ್ತಿತ್ತು. ಆದರೆ 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗಂಡ ಮೇಲೆಯೂ ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ಮರಾಠಿಯ ಪ್ರಾಬಲ್ಯ ಉಳಿದಿತ್ತು. ಮನೆಯಲ್ಲಿ ಕನ್ನಡವನ್ನಾಡುವ ಮಗು ಶಾಲೆಯಲ್ಲಿ ಮರಾಠಿಯನ್ನೋದಬೇಕು. ಹೆತ್ತವರಿಗೆ ಅದು ಓದಿದ್ದು ಸರಿಯೋ ತಪ್ಪೋ ತಿಳಿಯದು. ಶಾಲೆಗೂ ಮನೆಗೂ ನಡುವೆ ಗೋಡೆಯೆದ್ದಿತು.

ಈ ಗೋಡೆಯನ್ನು ಕೆಡವುವುದೇ ಚನ್ನಬಸಪ್ಪನವರ ಬಾಳಿನ ಕಾಯಕವಾಯಿತು. ಅಧಿಕಾರಿ ರಸೆಲ್ ಸಾಹೇಬರ ಬೆಂಬಲದಿಂದ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಕನ್ನಡ ಪಾಠಪುಸ್ತಕಗಳಿಗೂ ಶಿಕ್ಷಕರ ತರಬೇತಿಗೂ ಒತ್ತಾಸೆಯಾದರು. ಶಿಕ್ಷಕರಿಗಾಗಿ ಹೊರಟ ಮಠಪತ್ರಿಕೆಯೊಡನೆ ಅವರ ಹೆಸರು ಬೆಸೆದುಕೊಂಡಿದೆ. ಶಾಲೆಯನ್ನು ಮಠವೆಂದೇ ಕರೆಯುತ್ತಿದ್ದ ಜನರ ವಾಡಿಕೆ ಆ ಹೆಸರಿನಲ್ಲಿ ಉಳಿದುಕೊಂಡಿತು. ಶಾಲೆಯು ಮನೆಮಾತನ್ನಾಡತೊಡಗಿದೊಡನೆ, ಅಕ್ಷರವರಿಯದ ತಾಯಿಯೂ ಮಗುವಿನ ಓದನ್ನು ಆಲಿಸಿ ತೂಗಬಲ್ಲವಳಾದಳು.

ನೆಲೋಗಿಯ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಚನ್ನಬಸಪ್ಪನವರ ಅಧಿಕಾರವ್ಯಾಪ್ತಿಗೆ ಒಳಪಟ್ಟಿರಲಿಲ್ಲ. ಮುಂದೆ ಉರ್ದು ರಾಜಭಾಷೆಯಾಗಿ ಮೆರೆದು, 1948ರ ವಿಮೋಚನೆಯವರೆಗೂ ಅಂಥದೇ ಗೋಡೆ ಈ ಭಾಗದಲ್ಲಿಯೂ ನಿಂತಿತ್ತು. ಆದ್ದರಿಂದ ಅವರ ಚರಿತ್ರೆ ಇಲ್ಲಿನ ಗುರುವೃಂದಕ್ಕೆ ಪರಕೀಯವಲ್ಲ.

1881ರಲ್ಲಿ ಚನ್ನಬಸಪ್ಪನವರು ಲಿಂಗೈಕ್ಯರಾದರು. ಭಾಷೆಯ ಗೋಡೆ ಇಂದು ಬಿದ್ದಿದೆ. ಅಂಕಪಟ್ಟಿಯ ಗೋಡೆ ಉಳಿದಿದೆ. ತೊಗರಿಯ ಹೊಲದಿಂದ ಬಂದ ತಂದೆಗೆ ಬರಿಯ ಅಂಕಿಗಳನ್ನು ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಗುರುವಿನ ಕರ್ತವ್ಯ ಮುಗಿಯದು. ಅವನನ್ನು ಕುಳ್ಳಿರಿಸಿ, ಮಗುವಿನ ಕೈಯಿಂದ ಅವನೆದುರಿಗೇ ನಾಲ್ಕು ಸಾಲು ಓದಿಸಿ, ಬಂದುದನ್ನು ಮೊದಲು ಮೆಚ್ಚಿ, ಬಾರದುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವುದೇ ಆ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವ.